ಬ್ಯಾಳಿ ಬೇಯದ ನೀರು: ಮಣ್ಣಿಲ್ಲದ ಕೈತೋಟದ ಆರಂಭಿಕ ಕೈಪಿಡಿಗಳ ಒಂದು ಓದು

(ವಿಭಾಗದ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ಧ್ವನಿ ಕೇಳಿಸ್ತಾ ಇದೆ ಅಂದ್ಕೋತೀನಿ. ನಡುವೆ ಕರೆಂಟ್ ಹೋದ್ರೆ ಫೋನಿನಿಂದ ಮತ್ತೆ ಸೇರ್ಕೋತೀನಿ. ಕರೆಂಟಿನ ವಿಷಯ ಪ್ರಬಂಧದಲ್ಲೂ ಬರುತ್ತದೆ, ಹಾಗಾಗಿ ಹೋದರೆ ಅದನ್ನೊಂದು ಉದಾಹರಣೆ ಅಂತ ತಿಳ್ಕೊಳ್ಳಿ.

ಇಲ್ಲಿಯವರೆಗೆ ಕಥೆ, ಕಾದಂಬರಿ, ವಚನಗಳ ಮೇಲೆ ಪ್ರಬಂಧಗಳು ಬಂದವು. ನಾನು ಆರಿಸಿಕೊಂಡಿರೋದು ಮನೆಯಲ್ಲಿ ಮಣ್ಣಿಲ್ಲದೆ ಸೊಪ್ಪು ಬೆಳೆಯೋದನ್ನು ಹೇಳಿಕೊಡುವ ಪುಸ್ತಕಗಳನ್ನು. ಹೈಡ್ರೋಪೋನಿಕ್ಸ್, ಕನ್ನಡದಲ್ಲಿ ಜಲಕೃಷಿ ಅಂತೀವಲ್ಲ, ಅದರ ಆರಂಭಿಕ ಕೈಪಿಡಿಗಳು. ಇದು ಕೃಷಿ ವಿಶ್ವವಿದ್ಯಾಲಯದವರ ಕೆಲಸ ಅಲ್ವಾ ಅಂತ ಕೆಲವರಿಗೆ ಅನ್ನಿಸಬಹುದು. ಬೆಳೆಯ ಕೆಲಸ ಅವರದು ನಿಜ. ಆದರೆ ಕೈಪಿಡಿಯೂ ಒಂದು ಬರಹ. ಅದಕ್ಕೂ ಒಬ್ಬ ನಿರೂಪಕ ಇದ್ದಾನೆ, ಅದು ಕಲ್ಪಿಸಿಕೊಂಡ ಒಬ್ಬ ಓದುಗ ಇದ್ದಾನೆ. ಆ ಓದುಗ ಯಾರು ಅನ್ನೋದು ನಮ್ಮ ಮನೆಯಲ್ಲಿ ಒಂದು ಸಾಲದ ಪ್ರಶ್ನೆಯಾಗಿ ಬಂತು. ಅಲ್ಲಿಂದ ಶುರು ಮಾಡ್ತೀನಿ.

1. ಊರು, ಸಾಲ, ಐದು ಪುಸ್ತಕ

ನಮ್ಮೂರು ದೌಲತಾಬಾದ್. ಮಹಾರಾಷ್ಟ್ರದ ಕೋಟೆಯ ದೌಲತಾಬಾದ್ ಅಲ್ಲ, ತೆಲಂಗಾಣದ ವಿಕಾರಾಬಾದ್ ಜಿಲ್ಲೆಯದು, ಕೊಡಂಗಲ್ ಕಡೆಯದು. 1956ರ ರಾಜ್ಯ ಪುನರ್ವಿಂಗಡಣೆಗೆ ಮುಂಚೆ ಕೊಡಂಗಲ್, ತಾಂಡೂರು ತಾಲ್ಲೂಕುಗಳು ಕಲಬುರಗಿ ಜಿಲ್ಲೆಯಲ್ಲಿದ್ದವು. ಆಚೆ ನಾರಾಯಣಖೇಡ, ಜಹೀರಾಬಾದ್ ಬೀದರ್ ಜಿಲ್ಲೆಯಲ್ಲಿದ್ದವು. ಗಡಿ ಸರಿಯಿತು, ಮನೆಮಾತು ಸರಿಯಲಿಲ್ಲ. ನಾನು ಓದಿದ್ದು ತೆಲುಗು ಮಾಧ್ಯಮದಲ್ಲಿ. ಅವ್ವನ ಜೊತೆ ಜಗಳ ಆಡೋದು ಕನ್ನಡದಲ್ಲಿ.

ಅವ್ವನಿಗೆ ಮೊಣಕಾಲು ನೋವು ಜಾಸ್ತಿಯಾಗಿ ಹೊಲಕ್ಕೆ ಹೋಗೋದು ಕಷ್ಟವಾಯಿತು. ಮಾಳಿಗೆ ಮೇಲೆ ಕೂತು ಮಾಡೋ ಕೆಲಸ ಏನಾದರೂ ಇದೆಯಾ ಅಂತ ನೋಡುವಾಗ ನನ್ನ ಕೈಗೆ ಈ ಪುಸ್ತಕಗಳು ಸಿಕ್ಕವು. ಪಾಲಕ್, ಮೆಂತ್ಯ, ಕೊತ್ತಂಬರಿ ಬೆಳೆದು ತಾಂಡೂರಿಗೆ ಕಳಿಸಬಹುದು ಅಂತ ನಾನೇ ಲೆಕ್ಕ ಹಾಕಿ ತೋರಿಸಿದೆ. ಅವ್ವ ಮಹಿಳಾ ಸಂಘದಲ್ಲಿ ಸಣ್ಣ ಸಾಲ ತೆಗೆದಳು. ಬಿಳಿ ಪೈಪು, ಸಣ್ಣ ಪಂಪು, ತೂತಿನ ಕಪ್ಪುಗಳು, ಎ ಮತ್ತು ಬಿ ಅಂತ ಬರೆದ ಎರಡು ಗೊಬ್ಬರದ ಬಾಟಲಿ ಬಂದವು. ಪೈಪಿಗೆ ಕಪ್ಪು ಕೂರಿಸುವಾಗ ಅವ್ವ ಕೇಳಿದ್ದು ಒಂದೇ ಮಾತು: “ಮಣ್ಣಿಲ್ದ ಗಿಡ ಏನ್ ತಿಂತದ ಯವ್ವಾ?” ನಾನು ಬಾಟಲಿ ತೋರಿಸಿದೆ.

ನನ್ನ ಹತ್ತಿರ ಇದ್ದದ್ದು ಐದು ಪುಸ್ತಕ. ಮೂರು ಇಂಗ್ಲಿಷಿನವು, ಒಂದು ತೆಲುಗಿನದು, ಒಂದು ಕನ್ನಡದ ಕಿರುಹೊತ್ತಿಗೆ. ಅವುಗಳ ಹೆಸರನ್ನು ಇಲ್ಲಿ ಹೇಳೋದಿಲ್ಲ. ನಾನು ತೋರಿಸಬೇಕಂದಿರೋದು ಒಂದು ಪುಸ್ತಕದ ತಪ್ಪನ್ನಲ್ಲ, ಐದೂ ಹಂಚಿಕೊಂಡಿರುವ ಒಂದು ಬರವಣಿಗೆಯ ಅಭ್ಯಾಸವನ್ನು.

2. ‘ಆರಂಭಿಕ’ ಎಂಬ ಪಾತ್ರ

ಐದೂ ಪುಸ್ತಕಗಳ ಮೊದಲ ಅಧ್ಯಾಯ ಒಂದೇ ಥರ. ಮಣ್ಣು ಬೇಡ, ಕಳೆ ಇಲ್ಲ, ನೀರು ಕಡಿಮೆ ಸಾಕು, ಬೆಳವಣಿಗೆ ಬೇಗ. ಆಮೇಲೆ ಒಂದು ಭರವಸೆ: ನಿಮಗೆ ಮೊದಲಿನ ಅನುಭವ ಏನೂ ಬೇಕಿಲ್ಲ. ಈ ವಾಕ್ಯ ಓದಿದಾಗ ನನಗೂ ಧೈರ್ಯ ಬಂತು. ಎರಡನೇ ಸಲ ಓದುವಾಗ ಅನುಮಾನ ಬಂತು. ಅನುಭವ ಬೇಕಿಲ್ಲ ಅನ್ನೋದು ಒಂದು ಆಹ್ವಾನ ಹೌದು. ಜೊತೆಗೆ, ನಿಮ್ಮ ಹತ್ತಿರ ಏನಾದರೂ ಅನುಭವ ಇದ್ದರೆ ಅದಕ್ಕೆ ಇಲ್ಲಿ ಕೆಲಸವಿಲ್ಲ ಅನ್ನೋ ಸೂಚನೆಯೂ ಅದರಲ್ಲಿ ಸೇರಿಕೊಂಡಿದೆ.

ಈ ಪುಸ್ತಕಗಳು ಕಲ್ಪಿಸಿಕೊಂಡ ಆರಂಭಿಕ ಒಂದು ಕೋಣೆಯಲ್ಲಿದ್ದಾನೆ. ಆ ಕೋಣೆಯಲ್ಲಿ ಕರೆಂಟ್ ಹೋಗೋದಿಲ್ಲ. ನಲ್ಲಿ ತಿರುಗಿಸಿದರೆ ಮೆತ್ತನೆ ನೀರು ಬರ್ತದೆ. ಸೆಖೆ ಇಪ್ಪತ್ತೆರಡು ಇಪ್ಪತ್ತಮೂರು ಡಿಗ್ರಿ ದಾಟೋದಿಲ್ಲ. ಅವನು ತಿನ್ನೋದು ಲೆಟಿಸ್ ಮತ್ತು ಬೇಸಿಲ್. ನಾವು ತಿನ್ನೋ ಪುಂಡಿ ಪಲ್ಯ ಐದರಲ್ಲಿ ಒಂದು ಪುಸ್ತಕದಲ್ಲೂ ಇಲ್ಲ, ಕನ್ನಡದ್ದರಲ್ಲೂ ಇಲ್ಲ. ಕನ್ನಡ ಹೊತ್ತಿಗೆಯ ಬೆಳೆಪಟ್ಟಿ ಲೆಟಿಸಿನಿಂದಲೇ ಶುರುವಾಗ್ತದೆ. ಸೆಖೆ ಏರಿದರೆ ಲೆಟಿಸ್ ಬೇಗ ದಂಟೆತ್ತಿ ಹೂ ಬಿಟ್ಟು ಕಹಿಯಾಗ್ತದೆ. ನಮ್ಮ ಕಡೆ ಮೇ ತಿಂಗಳಲ್ಲಿ ನಲವತ್ತು ದಾಟೋದು ಸಾಮಾನ್ಯ. ಆ ಪಟ್ಟಿಯನ್ನು ಅನುವಾದ ಮಾಡಿದವರು ಪದಗಳನ್ನು ಕನ್ನಡಕ್ಕೆ ತಂದರು, ಕೋಣೆಯನ್ನು ಅಲ್ಲೇ ಬಿಟ್ಟರು.

ಇದರ ಮೊದಲ ಪರಿಣಾಮ ಪಂಪಿನ ಮೇಲೆ ಆಯಿತು. ಪೈಪಿನ ಪದ್ಧತಿಯಲ್ಲಿ ಬೇರಿನ ಕೆಳಗೆ ನೀರು ತೆಳುವಾದ ಪದರವಾಗಿ ಹರಿಯುತ್ತಾ ಇರಬೇಕು. ಹರಿವು ನಿಂತರೆ ಬೇರಿಗೆ ಉಳಿಯೋದು ಪೈಪಿನ ಬಿಸಿ ಗಾಳಿ. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಸಂಜೆ ಬಂತು. ಸಂಜೆಗೆ ಪಾಲಕ್ ಸಸಿಗಳು ಪೈಪಿನ ಮೇಲೆ ಬಟ್ಟೆ ಒಣಹಾಕಿದಂತೆ ಬಿದ್ದಿದ್ದವು. ಪುಸ್ತಕಗಳಲ್ಲಿ ಇದರ ಬಗ್ಗೆ ಇರೋದು ಒಂದು ಸಾಲು: ಬದಲಿ ವಿದ್ಯುತ್ ವ್ಯವಸ್ಥೆ ಇಟ್ಟುಕೊಳ್ಳಿ. ಆ ವ್ಯವಸ್ಥೆಗೆ ಎಷ್ಟಾಗ್ತದೆ, ಅಷ್ಟು ದುಡ್ಡಿಲ್ಲದವರು ಈ ಪದ್ಧತಿಯನ್ನು ಆರಿಸಬೇಕಾ ಬೇಡವಾ, ಅದು ಇಲ್ಲ.

3. ಯಾವ ನೀರು?

ಪಂಪು ಬಿಟ್ಟು ಎರಡನೇ ಸಲ ಬಕೆಟ್ ಹಿಡಿದೆವು. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅವರ ಹೆಸರಿನಲ್ಲಿ ಕರೆಯುವ ಈ ಪದ್ಧತಿಗೆ ಕರೆಂಟ್ ಬೇಡ. ಮುಚ್ಚಿದ ಬಕೆಟ್ಟಿನಲ್ಲಿ ಗೊಬ್ಬರದ ನೀರು, ಮುಚ್ಚಳದ ತೂತಿನಲ್ಲಿ ಗಿಡ. ಗಿಡ ನೀರು ಕುಡಿದಂತೆ ಮಟ್ಟ ಇಳೀತದೆ, ಮೇಲೆ ಖಾಲಿ ಜಾಗ ಆಗ್ತದೆ. ಆ ಜಾಗದಲ್ಲಿರುವ ಬೇರುಗಳು ಗಾಳಿ ತಗೋತವೆ. ಇಡೀ ಪದ್ಧತಿ ನಿಂತಿರೋದು ಆ ಖಾಲಿ ಜಾಗದ ಮೇಲೆ.

ಅವ್ವನಿಗೆ ಖಾಲಿ ಜಾಗ ಕಂಡ್ರೆ ಆಗಲಿಲ್ಲ. “ಬ್ಯಾಸಗಿ ಅದ, ನೀರ್ ಹಾಕಲ್ದ ಹ್ಯಾಂಗ್ ಇಡ್ತಿ?” ಅಂತ ದಿನಾ ಬೆಳಿಗ್ಗೆ ತುಂಬಿಸಿದಳು. ಗಾಳಿಗೆ ಒಗ್ಗಿದ್ದ ಬೇರು ಮತ್ತೆ ಮುಳುಗಿ ಕೊಳೆಯಿತು. ಮಣ್ಣಿನ ಕೃಷಿಯಲ್ಲಿ ಒಳ್ಳೆಯದಾಗಿದ್ದ ಅಭ್ಯಾಸ ಇಲ್ಲಿ ತಪ್ಪಾಯಿತು. ನಮ್ಮ ಪುಸ್ತಕದಲ್ಲಿ ‘ಪೂರ್ತಿ ತುಂಬಿಸಬೇಡಿ’ ಅಂತ ಇತ್ತು. ಯಾಕೆ ಅಂತ ಇರಲಿಲ್ಲ. ಕಾರಣ ಒಂದೇ ಸಾಲಿನಲ್ಲಿ ಹೇಳಿದ್ದರೆ ಅವ್ವ ನನಗಿಂತ ಚೆನ್ನಾಗಿ ಪಾಲಿಸ್ತಿದ್ದಳು, ಯಾಕಂದ್ರೆ ಹೊಲದಲ್ಲಿ ನೀರು ನಿಂತರೆ ತೊಗರಿ ಸಾಯ್ತದೆ ಅನ್ನೋದು ಆಕೆಗೆ ಗೊತ್ತು. ಅದೂ ಇದೂ ಒಂದೇ ಕಾರಣ, ಬೇರಿಗೆ ಉಸಿರು ಸಿಗೋದಿಲ್ಲ. ಸೆಖೆ ಹೆಚ್ಚಿದಷ್ಟೂ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದದ್ದು 35ಕ್ಕೆ ಹೋಗುವಾಗ 7ರ ಹತ್ತಿರ ಇಳೀತದೆ. ಅಂದರೆ ಬಿಸಿ ಊರಿನಲ್ಲಿ ಆ ಖಾಲಿ ಜಾಗ ಇನ್ನೂ ಮುಖ್ಯ.

ಈಗ ನನ್ನ ಮುಖ್ಯ ವಿಷಯಕ್ಕೆ ಬರ್ತೀನಿ. ಜಲಕೃಷಿಯ ಪುಸ್ತಕದಲ್ಲಿ ಎಲ್ಲಕ್ಕಿಂತ ಹೆಚ್ಚು ಬರುವ ಪದ ‘ನೀರು’. ಐದೂ ಪುಸ್ತಕಗಳಲ್ಲಿ ಅದು ಬೆಳ್ಳನೆ ಹಾಳೆ ಇದ್ದಂತೆ. ನೀರು ತಗೊಳ್ಳಿ, ಅದರಲ್ಲಿ ಇಷ್ಟು ಹಾಕಿ. ನೀರಿನಲ್ಲಿ ಮೊದಲೇ ಏನೋ ಇದೆ ಅನ್ನೋದನ್ನು ಅವು ಗಂಭೀರವಾಗಿ ತಗೊಳ್ಳೋದಿಲ್ಲ.

ತಾಂಡೂರು ಅಂದ್ರೆ ನಿಮಗೆಲ್ಲ ನೆಲಕ್ಕೆ ಹಾಸುವ ಕಲ್ಲು ಗೊತ್ತು. ಅದು ಸುಣ್ಣಕಲ್ಲು, ಕರ್ನಾಟಕದ ಶಹಾಬಾದ್ ಕಲ್ಲಿನ ಬಳಗದ್ದೇ. ಅಂಥ ಕಲ್ಲಿನೊಳಗಿಂದ ಬರುವ ನೀರು ಸುಣ್ಣವನ್ನು ಕರಗಿಸಿಕೊಂಡು ಬರ್ತದೆ. ನಮ್ಮ ಬೋರಿನ ನೀರು ಕಾಸಿದರೆ ಪಾತ್ರೆಯಲ್ಲಿ ಬಿಳಿ ಪದರ ಕೂಡ್ತದೆ. ಮೊದಲ ದಿನ ಆ ನೀರಿಗೆ ಏನೂ ಹಾಕದೆ ಸುಮ್ಮನೆ ಟಿಡಿಎಸ್ ಮೀಟರ್ ಅದ್ದಿದೆ. ಗೊಬ್ಬರ ಹಾಕಿದ ಮೇಲೆ ಎಷ್ಟು ಬರಬೇಕು ಅಂತ ಪುಸ್ತಕ ಹೇಳಿತ್ತೋ, ಹೆಚ್ಚುಕಡಿಮೆ ಅಷ್ಟೇ ತೋರಿಸಿತು. ನಾನು ಮೀಟರ್ ಕೆಟ್ಟಿದೆ ಅಂದ್ಕೊಂಡೆ.

ಮೀಟರ್ ಕೆಟ್ಟಿರಲಿಲ್ಲ. ಅದು ನೀರಿನಲ್ಲಿ ಕರಗಿದ ಲವಣಗಳನ್ನೆಲ್ಲ ಒಟ್ಟಿಗೆ ಎಣಿಸ್ತದೆ, ಸುಣ್ಣ ಯಾವುದು ಸಾರಜನಕ ಯಾವುದು ಅಂತ ಬೇರೆ ಮಾಡೋದಿಲ್ಲ. ಅಂಕಿಯನ್ನು ನಂಬಿ ಗೊಬ್ಬರ ಸ್ವಲ್ಪವೇ ಹಾಕಿದರೆ ಅಂಕಿ ಸರಿ ಇರ್ತದೆ, ಗಿಡ ಹಸಿದಿರ್ತದೆ. ಪುಸ್ತಕದ ಅಳತೆಯಷ್ಟು ಪೂರ್ತಿ ಹಾಕಿದರೆ ಉಪ್ಪು ಹೆಚ್ಚಾಗಿ ಎಲೆಯ ಅಂಚು ಸುಡ್ತದೆ. ನಾವು ಎರಡನ್ನೂ ಮಾಡಿ ನೋಡಿದೆವು.

ಅಂಕಿಯಲ್ಲೇ ಇನ್ನೊಂದು ಗುಂಡಿ ಇದೆ. ಮೀಟರ್ ನಿಜವಾಗಿ ಅಳೆಯೋದು ನೀರಿನ ವಿದ್ಯುತ್ ವಾಹಕತೆಯನ್ನು. ಅದನ್ನು ಪಿಪಿಎಂಗೆ ಬದಲಾಯಿಸೋಕೆ ಒಂದಕ್ಕಿಂತ ಹೆಚ್ಚು ಲೆಕ್ಕಗಳಿವೆ. 1.5 ಮಿಲಿಸೀಮೆನ್ಸ್ ವಾಹಕತೆಯನ್ನು 500ರ ಲೆಕ್ಕದ ಮೀಟರ್ 750 ಅಂತದೆ, 700ರ ಲೆಕ್ಕದ್ದು 1050 ಅಂತದೆ. ಪುಸ್ತಕದವರು 700ರ ಲೆಕ್ಕದಲ್ಲಿ 1050 ಅಂತ ಬರೆದು, ಓದುಗನ ಕೈಯಲ್ಲಿ 500ರ ಮೀಟರ್ ಇದ್ದರೆ, ಅವನು 1050 ಬರೋವರೆಗೆ ಗೊಬ್ಬರ ಸುರಿದು 2.1ಕ್ಕೆ ಮುಟ್ಟಿಸ್ತಾನೆ. ಸೊಪ್ಪಿಗೆ ಸಾಮಾನ್ಯವಾಗಿ ಹೇಳುವ ಮಿತಿ 1.2ರಿಂದ 1.8. ನನ್ನ ಐದು ಪುಸ್ತಕಗಳಲ್ಲಿ ಯಾವ ಲೆಕ್ಕ ಅಂತ ಹೇಳಿದ್ದು ಒಂದೇ.

ಅವ್ವ ಇದನ್ನೆಲ್ಲ ನೋಡ್ತಾ ಕೂತಿದ್ದಳು. ಒಂದಿನ ಅಂದಳು: “ಈ ನೀರಾಗ ಬ್ಯಾಳೀನೇ ಬೇಯಂಗಿಲ್ಲ, ನಿನ್ನ ಪಲ್ಯ ಹ್ಯಾಂಗ್ ಬೆಳಿತದ?”

ನಾನು ಆಗ ನಕ್ಕೆ. ಆಮೇಲೆ ಓದಿದಾಗ ತಿಳೀತು, ಆಕೆ ಹೇಳಿದ್ದು ಪರೀಕ್ಷೆಯ ಫಲಿತಾಂಶ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯೊಳಗಿನ ಪೆಕ್ಟಿನ್‌ಗೆ ಕಚ್ಚಿಕೊಂಡು ಅದು ಮೆತ್ತಗಾಗದಂತೆ ತಡೀತದೆ. ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅಂಥ ತೊಗರಿ ಬೆಳೆಯೋ ಸೀಮೆಯಲ್ಲಿ ಯಾವ ಬಾವಿ ನೀರಲ್ಲಿ ಬೇಳೆ ಬೇಯ್ತದೆ, ಯಾವುದರಲ್ಲಿ ಬೇಯೋದಿಲ್ಲ ಅನ್ನೋದು ಪ್ರತಿ ಹೆಂಗಸಿಗೂ ಗೊತ್ತು. ಕುಡಿಯೋಕೆ ಒಂದು, ಅಡುಗೆಗೆ ಒಂದು, ಬಟ್ಟೆಗೆ ಒಂದು ಅಂತ ನೀರನ್ನು ಬೇರೆ ಬೇರೆ ತರ್ತಿದ್ದ ಮನೆಗಳು ನಮ್ಮವು. ಸಿಹಿ ನೀರು, ಸವಳು ನೀರು, ಗಡಸು ನೀರು ಅಂತ ಪದಗಳಿವೆ. ಪುಸ್ತಕದಲ್ಲಿ ಮಾತ್ರ ಎಲ್ಲವೂ ‘ನೀರು’. ಅನುಭವ ಬೇಕಿಲ್ಲ ಅಂದ ಪುಸ್ತಕ ಆಚೆಗೆ ನಿಲ್ಲಿಸಿದ್ದು ಈ ಜ್ಞಾನವನ್ನೇ, ಮತ್ತು ಜಲಕೃಷಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು ಇದೇ.

4. ಹಳದಿ ಎಲೆಯ ಅಧ್ಯಾಯ

ಪ್ರತಿ ಕೈಪಿಡಿಯ ಕೊನೆಗೆ ‘ಸಮಸ್ಯೆ ಮತ್ತು ಪರಿಹಾರ’ ಅಂತ ಒಂದು ಕೋಷ್ಟಕ ಇರ್ತದೆ. ಅದರ ವ್ಯಾಕರಣ ಗಮನಿಸಿ. ಎಡಗಡೆ ಗಿಡದ ಲಕ್ಷಣ, ಬಲಗಡೆ ಓದುಗನ ತಪ್ಪು. ಎಲೆ ಹಳದಿಯಾದರೆ ನೀವು ಪೋಷಕಾಂಶ ಕಡಿಮೆ ಹಾಕಿದ್ದೀರಿ, ಬೇರು ಕೊಳೆತರೆ ನೀವು ಸ್ವಚ್ಛತೆ ಪಾಲಿಸಿಲ್ಲ. ವಾಕ್ಯದಲ್ಲಿ ಕರ್ತೃ ಯಾವಾಗಲೂ ‘ನೀವು’. ನೀರು, ಬಿಸಿಲು, ಕರೆಂಟ್, ಕಂಪನಿಯ ಬಾಟಲಿ ಇವು ಯಾವುವೂ ಅಲ್ಲಿ ಕರ್ತೃ ಆಗೋದಿಲ್ಲ.

ನಮ್ಮ ಪಾಲಕ್ ಹಳದಿಯಾಯಿತು. ಪುಸ್ತಕ ಹೇಳಿದಂತೆ ಗೊಬ್ಬರ ಹೆಚ್ಚಿಸಿದೆ, ಇನ್ನೂ ಹಳದಿಯಾಯಿತು. ಆಮೇಲೆ ತಿಳಿದದ್ದು ಇಷ್ಟು. ಹಳದಿಯಲ್ಲಿ ಎರಡು ಬಗೆ ಇದೆ. ಸಾರಜನಕ ಕಡಿಮೆಯಾದರೆ ಹಳೆ ಎಲೆ ಮೊದಲು ಹಳದಿಯಾಗ್ತದೆ, ಯಾಕಂದ್ರೆ ಗಿಡ ಹಳೆ ಎಲೆಯಿಂದ ಅದನ್ನು ತೆಗೆದು ಹೊಸದಕ್ಕೆ ಕಳಿಸಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸೋಕೆ ಆಗೋದಿಲ್ಲ, ಆದ್ದರಿಂದ ಅದು ಕಡಿಮೆಯಾದರೆ ಹೊಸ ಎಲೆ ಹಳದಿ, ನರಗಳು ಮಾತ್ರ ಹಸಿರು. ನಮ್ಮದು ಎರಡನೇ ಬಗೆ.

ಬಾಟಲಿಯಲ್ಲಿ ಕಬ್ಬಿಣ ಇತ್ತು. ಆದರೆ ಸುಣ್ಣದ ನೀರಿನ ಬೈಕಾರ್ಬನೇಟ್ ಪಿಎಚ್ಚನ್ನು ಮೇಲೆ ಎಳೀತಾ ಇರ್ತದೆ. ಆಮ್ಲ ಹಾಕಿ 6ಕ್ಕೆ ಇಳಿಸಿದರೆ ಒಂದೆರಡು ದಿನಕ್ಕೆ ಮತ್ತೆ ಏರ್ತದೆ. ಕೈಪಿಡಿಗಳಲ್ಲಿ ಇದಕ್ಕೆ ‘ಕೆಲವು ಹನಿ’ ಅಂತ ಇದೆ, ಮತ್ತೆ ಏರುವ ಮಾತಿಲ್ಲ. ಇಡಿಟಿಎ ಜೊತೆ ಕಟ್ಟಿದ ಕಬ್ಬಿಣ ಪಿಎಚ್ 6.5ರ ಆಚೆ ಹೆಚ್ಚು ಹೊತ್ತು ಕರಗಿದ ಸ್ಥಿತಿಯಲ್ಲಿ ಉಳಿಯೋದಿಲ್ಲ. ಡಿಟಿಪಿಎ ಜೊತೆ ಕಟ್ಟಿದ್ದು ಇನ್ನೂ ಸ್ವಲ್ಪ ಮೇಲಿನವರೆಗೆ ತಡೀತದೆ. ಗಡಸು ನೀರಿನ ಊರಿನವರು ಬಾಟಲಿ ಕೊಳ್ಳೋ ಮುಂಚೆ ಕೇಳಬೇಕಾದ ಪ್ರಶ್ನೆ ಇದು. ಕಬ್ಬಿಣ ನೀರಿನಲ್ಲಿದ್ದೂ ಗಿಡಕ್ಕೆ ಸಿಗಲಿಲ್ಲ, ಮೇಲೆ ನಾನು ಉಪ್ಪು ಹೆಚ್ಚಿಸಿದೆ.

ಗಿಡ ಸತ್ತದ್ದು ಅಷ್ಟು ದೊಡ್ಡ ವಿಷಯ ಅಲ್ಲ. ಪೈಪು ಬಿಚ್ಚುವ ದಿನ ಅವ್ವ ಒಂದು ಮಾತು ಅಂದಳು: “ಓದಿದಾಕಿಗೇ ತಿಳೀಲಿಲ್ಲಂದ್ರ ನಮ್ಮಂಥಾಕಿಗೇನ್ ತಿಳೀತದ.” ಈ ಪ್ರಬಂಧ ಬರೆಯೋಕೆ ಕಾರಣ ಆ ಮಾತು. ಐವತ್ತು ವರ್ಷ ನೀರನ್ನು ತಿಳಿದು ಬದುಕಿದ ಹೆಂಗಸು ತನಗೆ ಏನೂ ತಿಳಿಯೋದಿಲ್ಲ ಅಂತ ತೀರ್ಮಾನಕ್ಕೆ ಬಂದಳು, ಮತ್ತು ಆ ತೀರ್ಮಾನಕ್ಕೆ ಆಕೆಯನ್ನು ಕರೆದುಕೊಂಡು ಹೋದದ್ದು ಆ ಕೋಷ್ಟಕ. ಸೋಲನ್ನೆಲ್ಲ ಓದುಗನ ಖಾತೆಗೆ ಬರೆಯುವ ಪುಸ್ತಕ ಎಂದೂ ತಪ್ಪಾಗೋದಿಲ್ಲ. ಸಂಘದ ಕಂತು ಮಾತ್ರ ಪ್ರತಿ ತಿಂಗಳು ಬರ್ತಿತ್ತು.

5. ಎರಡು ಹಳೆಯ ಪುಸ್ತಕಗಳು

ಆರಂಭಿಕರಿಗೆ ಬರೆಯೋದು ಅಂದ್ರೆ ಹೀಗೇ ಇರಬೇಕಾ? ಈ ಪ್ರಶ್ನೆ ಇಟ್ಟುಕೊಂಡು ಹಿಂದಕ್ಕೆ ಹೋದೆ.

‘ಹೈಡ್ರೋಪೋನಿಕ್ಸ್’ ಪದವನ್ನು 1937ರಲ್ಲಿ ಬಳಕೆಗೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ. ಗ್ರೀಕ್ ಮೂಲದಲ್ಲಿ ಅದಕ್ಕೆ ನೀರಿನ ದುಡಿಮೆ ಅಂತ ಅರ್ಥ ಬರ್ತದೆ. ಅವರ ಎತ್ತರದ ಟೊಮ್ಯಾಟೊ ಬಳ್ಳಿಗಳ ಸುದ್ದಿ ಪತ್ರಿಕೆಗಳಲ್ಲಿ ಬಂದು ಜನಕ್ಕೆ ಹುಚ್ಚು ಹಿಡೀತು. ಎಲ್ಲರಿಗೂ ಮನೆಯಲ್ಲಿ ಹೀಗೆ ಬೆಳೆಯೋ ಆಸೆ. ಆಗ ಅದೇ ವಿಶ್ವವಿದ್ಯಾಲಯದ ಡೆನಿಸ್ ಹೋಗ್‌ಲ್ಯಾಂಡ್ ಮತ್ತು ಡೇನಿಯಲ್ ಆರ್ನನ್ 1938ರಲ್ಲಿ ಒಂದು ಸುತ್ತೋಲೆ ಬರೆದರು, ಸಂಖ್ಯೆ 347. ಇವತ್ತು ಪ್ರಯೋಗಾಲಯಗಳಲ್ಲಿ ‘ಹೋಗ್‌ಲ್ಯಾಂಡ್ ದ್ರಾವಣ’ ಅಂತ ಕರೆಯೋದು ಇವರ ಹೆಸರಿನದೇ.

ವಿಮರ್ಶೆಯ ದೃಷ್ಟಿಯಿಂದ ಆ ಸುತ್ತೋಲೆಯ ಧ್ವನಿ ನನಗೆ ಮುಖ್ಯ. ಅದು ಸಾಮಾನ್ಯ ಓದುಗನಿಗೇ ಬರೆದದ್ದು. ಆದರೂ ಒಪ್ಪಿಸೋಕೆ ಹೊರಟಿಲ್ಲ. ಒಳ್ಳೆ ಮಣ್ಣಿನಲ್ಲಿ ಅದೇ ಬಿಸಿಲು, ಅದೇ ಆರೈಕೆ ಕೊಟ್ಟರೆ ಬರುವ ಇಳುವರಿಗಿಂತ ನೀರಿನಲ್ಲಿ ಏನೂ ಪವಾಡ ಆಗೋದಿಲ್ಲ ಅನ್ನೋದು ಅದರ ನಿಲುವು. ಎಲ್ಲ ಸಂದರ್ಭಕ್ಕೂ ಮೇಲಾದ ಒಂದೇ ಒಂದು ದ್ರಾವಣ ಇಲ್ಲ ಅಂತಲೂ ಅದು ಹೇಳ್ತದೆ. ಅಂದರೆ ಆ ಪುಸ್ತಿಕೆ ಓದುಗನಿಗೆ ‘ಬೇಡ’ ಅನ್ನುವ ಅವಕಾಶವನ್ನು ಉಳಿಸಿದೆ. ನನ್ನ ಐದು ಪುಸ್ತಕಗಳಲ್ಲಿ ಆ ಅವಕಾಶ ಇಲ್ಲ. ಅವು ಕೊನೆಗೆ ಏನನ್ನೋ ಕೊಳ್ಳುವ ಓದುಗನನ್ನು ಮನಸ್ಸಿನಲ್ಲಿಟ್ಟು ಬರೆದವು.

ಎರಡನೆಯದು ನಮ್ಮ ದೇಶದ್ದು. ಜೇಮ್ಸ್ ಶೋಲ್ಟೊ ಡಗ್ಲಾಸ್ 1946ರ ಹೊತ್ತಿಗೆ ಡಾರ್ಜಿಲಿಂಗ್ ಸೀಮೆಯ ಕಾಲಿಂಪಾಂಗ್‌ನಲ್ಲಿ ಪ್ರಯೋಗ ಶುರುಮಾಡಿ, 1951ರಲ್ಲಿ ‘ಹೈಡ್ರೋಪೋನಿಕ್ಸ್: ದ ಬೆಂಗಾಲ್ ಸಿಸ್ಟಂ’ ಪುಸ್ತಕ ತಂದರು. ಪಂಪು, ಯಂತ್ರ, ದುಬಾರಿ ತೊಟ್ಟಿ ಇವಿಲ್ಲದೆ ಮಾಡೋದು ಹೇಗೆ ಅನ್ನೋದೇ ಅವರ ಪ್ರಶ್ನೆ. ಜಲ್ಲಿ ಮರಳಿನ ಹಾಸು, ಅದರ ಮೇಲೆ ಒಣ ಲವಣಗಳ ಮಿಶ್ರಣ ಉದುರಿಸಿ ಕೈಯಿಂದ ನೀರು ಹಾಕೋದು. ಪುಸ್ತಕ ಇಂಗ್ಲಿಷಿನಲ್ಲಿದ್ದರೂ ಅದರ ಕೋಣೆ ಇಲ್ಲಿಯದು. ಇದನ್ನು ಓದಿದ ಮೇಲೆಯೇ ನನಗೆ ಗೊತ್ತಾಯಿತು, ಕರೆಂಟ್ ಬೇಡದ ದಾರಿ ಎಪ್ಪತ್ತು ವರ್ಷದ ಹಿಂದೆಯೇ ಬರೆದಿಟ್ಟಿತ್ತು ಅಂತ.

ಆದರೆ ಡಗ್ಲಾಸರನ್ನೂ ಕಣ್ಣು ಮುಚ್ಚಿ ನಮ್ಮೂರಿಗೆ ತರೋಕಾಗೋದಿಲ್ಲ. ನಮ್ಮ ಕಡೆ ಅಗ್ಗದ ಜಲ್ಲಿ ಅಂದ್ರೆ ಪಾಲಿಶ್ ಘಟಕಗಳ ಪಕ್ಕ ರಾಶಿ ಬಿದ್ದಿರೋ ಕಲ್ಲಿನ ಚೂರು. ಅದು ಸುಣ್ಣಕಲ್ಲು. ಅದನ್ನು ತೊಟ್ಟಿಗೆ ತುಂಬಿದರೆ ಗಡಸು ನೀರಿನ ಕಾಟ ಇನ್ನೊಂದು ಬಾಗಿಲಿಂದ ಒಳಗೆ ಬರ್ತದೆ. ಚೂರನ್ನು ಕುಟ್ಟಿ ಪುಡಿ ಮಾಡಿ ನಿಂಬೆರಸ ಹಿಂಡಿದರೆ ಗುಳ್ಳೆ ಏಳ್ತವೆ, ಅಷ್ಟು ಪರೀಕ್ಷೆ ಸಾಕು. ‘ಸ್ಥಳೀಯವಾಗಿ ಸಿಗುವ ಜಲ್ಲಿ ಬಳಸಿ’ ಅನ್ನೋ ಸಲಹೆ ಕೂಡ ಯಾವ ಸ್ಥಳ ಅಂತ ಕೇಳದೆ ಹೇಳುವಂಥದ್ದಲ್ಲ.

6. ಕನ್ನಡದಲ್ಲಿ ಬರೆಯೋದಾದರೆ

ಕನ್ನಡಕ್ಕೆ ಕೈಪಿಡಿ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಚಾವುಂಡರಾಯನ ‘ಲೋಕೋಪಕಾರ’ ಹನ್ನೊಂದನೆಯ ಶತಮಾನದ್ದು, ಮನೆವಾರ್ತೆಯ ಕೈಪಿಡಿಯೇ. ಅದರಲ್ಲಿ ಅಡುಗೆ ಇದೆ, ಗಿಡಮರಗಳ ಆರೈಕೆಯ ವೃಕ್ಷಾಯುರ್ವೇದ ಇದೆ, ನೆಲದ ಗುರುತುಗಳಿಂದ ನೀರು ಎಲ್ಲಿದೆ, ಎಂಥದ್ದಿದೆ ಅಂತ ಹುಡುಕುವ ಭಾಗವೂ ಇದೆ. ಅಲ್ಲಿನ ಸಲಹೆಗಳೆಲ್ಲ ಇವತ್ತಿಗೆ ನಿಲ್ಲೋದಿಲ್ಲ. ಆದರೆ ಆ ಬರಹಗಾರನಿಗೆ ನೀರು ಒಂದು ಪ್ರಶ್ನೆಯಾಗಿತ್ತು ಅನ್ನೋದನ್ನು ಗಮನಿಸಬೇಕು.

ಹತ್ತಿರದ ಇನ್ನೊಂದು ಉದಾಹರಣೆ ಜಹೀರಾಬಾದಿನದು. ಅಲ್ಲಿ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ 1983ರಿಂದ ದಲಿತ ಹೆಣ್ಣುಮಕ್ಕಳ ಸಂಘಗಳ ಜೊತೆ ಸಿರಿಧಾನ್ಯ, ಬೀಜದ ಕೆಲಸ ಮಾಡ್ತಾ ಬಂದಿದೆ. ಅದನ್ನು ಕಟ್ಟಿದವರಲ್ಲೊಬ್ಬರಾದ ಪಿ. ವಿ. ಸತೀಶ್ ಮೈಸೂರಿನವರು. 2008ರಲ್ಲಿ ಮಾಚನೂರಿನಲ್ಲಿ ‘ಸಂಘಂ ರೇಡಿಯೊ’ ಶುರುವಾಯಿತು. ಅದು ಬೇರೆ ಮಾಧ್ಯಮ, ಬೇರೆ ಬೆಳೆ. ನಾನು ಅದನ್ನು ತರ್ತಿರೋದು ಒಂದೇ ಕಾರಣಕ್ಕೆ: ಅಲ್ಲಿ ಮೈಕಿನ ಮುಂದೆ ಕೂತು ಹೇಳುವವಳು ಬೆಳೆಯುವ ಹೆಂಗಸು. ಕೇಳುವವಳೂ ಅವಳೇ. ತಿಳಿದವರು, ತಿಳಿಯದವರು ಅನ್ನೋ ಗೋಡೆ ಹಾಕಿಕೊಂಡು ಅವರು ಮಾತು ಶುರುಮಾಡೋದಿಲ್ಲ.

ನಾನು ಕಂಡ ಕನ್ನಡ ಹೊತ್ತಿಗೆಯಲ್ಲಿ ‘ಪೋಷಕಾಂಶ ದ್ರಾವಣದ ಕ್ಷಾರತೆ’ ಅಂತ ಇದೆ. ಪದ ಸರಿಯಾಗಿದೆ. ಅದರ ಪಕ್ಕದಲ್ಲಿ ‘ನಿಮ್ಮ ನೀರಲ್ಲಿ ಬೇಳೆ ಬೇಯ್ತದಾ? ಸೋಪು ನೊರೆ ಬರ್ತದಾ? ಪಾತ್ರೆಗೆ ಬಿಳಿ ಕಟ್ತದಾ?’ ಅಂತ ಮೂರು ಪ್ರಶ್ನೆ ಹಾಕಿದ್ದರೆ ನಮ್ಮ ಮೊದಲ ಬೆಳೆ ಉಳೀತಿತ್ತು ಅಂತಲ್ಲ, ಆದರೆ ನಾವು ಆ ಬೋರಿನ ನೀರಿನಿಂದ ಶುರು ಮಾಡ್ತಿರಲಿಲ್ಲ. ಆರಂಭಿಕರ ಪುಸ್ತಕವನ್ನು ಅಳೆಯುವಾಗ ಭಾಷೆ ಸರಳವಾಗಿದೆಯಾ ಅಂತ ಮಾತ್ರ ನೋಡ್ತೀವಿ. ಅದು ಓದುಗನನ್ನು ಏನಾದರೂ ಕೇಳ್ತದಾ, ಸೋಲಿನಲ್ಲಿ ಊರಿನ ಪಾಲೆಷ್ಟು ಅಂತ ಹೇಳ್ತದಾ, ಬೇಡ ಅನ್ನೋ ಧೈರ್ಯ ಕೊಡ್ತದಾ, ಇವನ್ನೂ ನೋಡಬೇಕು ಅನ್ನೋದು ನನ್ನ ವಾದ. ಮಣ್ಣನ್ನು ಬಿಟ್ಟು ಬೆಳೀಬಹುದು. ನೆಲವನ್ನು ಬಿಟ್ಟು ಬೆಳೆಯೋಕಾಗೋದಿಲ್ಲ, ಅದು ನೀರಿನೊಳಗೆ ಕರಗಿ ಬಂದಿರ್ತದೆ. ಇಷ್ಟು ಹೇಳಿ ನಿಲ್ಲಿಸ್ತೀನಿ.

ಚರ್ಚೆ

ಒಬ್ಬ ಪ್ರಾಧ್ಯಾಪಕರು: ನಿಮ್ಮ ಓದು ಚೆನ್ನಾಗಿದೆ. ಆದರೆ ಕೈಪಿಡಿಯ ಉದ್ದೇಶ ಬಳಕೆ. ಅದರಲ್ಲಿ ನಿರೂಪಕ, ಪಾತ್ರ ಅಂತ ಹುಡುಕೋದು ಅದರ ಮೇಲೆ ಭಾರ ಹೇರಿದಂತೆ ಆಗೋದಿಲ್ವಾ?

ಉತ್ತರ: ಸರ್, ಬಳಕೆಯ ಬರಹ ಅನ್ನೋದಕ್ಕೇ ಹೀಗೆ ಓದಬೇಕು ಅಂತ ನನಗೆ ಅನ್ನಿಸ್ತದೆ. ಕಾದಂಬರಿ ನನ್ನನ್ನು ತಪ್ಪಾಗಿ ಕಲ್ಪಿಸಿಕೊಂಡರೆ ಪುಸ್ತಕ ಮುಚ್ಚಿಡ್ತೀನಿ. ಕೈಪಿಡಿ ತಪ್ಪಾಗಿ ಕಲ್ಪಿಸಿಕೊಂಡರೆ ನಾನು ಅದು ಹೇಳಿದ್ದನ್ನು ಮಾಡಿ ಮುಗಿಸಿರ್ತೀನಿ.

ಒಬ್ಬ ಸಹಪಾಠಿ: ಪ್ರತಿ ಊರಿನ ನೀರಿಗೂ ಒಂದೊಂದು ಪುಸ್ತಕ ಬರೆಯೋಕೆ ಆಗ್ತದಾ? ನನಗೆ ಬೆಂಗಳೂರಲ್ಲಿ ಅಂಥದ್ದೇ ಪುಸ್ತಕ ಓದಿ ಸೊಪ್ಪು ಬಂತು.

ಉತ್ತರ: ಬಂದಿದ್ದು ಖುಷಿ. ನೀವು ಪುಸ್ತಕದ ಕೋಣೆಗೆ ಹತ್ತಿರ ಇದ್ದೀರಿ ಅಂತ ಅರ್ಥ. ಪ್ರತಿ ಊರಿಗೆ ಪುಸ್ತಕ ಬೇಡ, ಪ್ರತಿ ಊರಿನವರು ತಮ್ಮ ಊರನ್ನು ತುಂಬಿಕೊಳ್ಳೋಕೆ ಪುಸ್ತಕದಲ್ಲಿ ಒಂದೆರಡು ಖಾಲಿ ಪುಟ ಬೇಕು. ಬಕೆಟ್ಟಿನಲ್ಲಿ ಖಾಲಿ ಜಾಗ ಬೇಕಲ್ಲ, ಹಾಗೆ.

ಇನ್ನೊಬ್ಬ ಸಹಪಾಠಿ: ತೆಂಗಿನ ನಾರಿನ ಪುಡಿ ಬಳಸಬಹುದಿತ್ತಲ್ಲ?

ಉತ್ತರ: ಬಳಸಬಹುದು, ಈಗ ಬಳಸ್ತಾ ಇದೀವಿ. ಆದರೆ ಅದರಲ್ಲೂ ಮೊದಲೇ ಉಪ್ಪಿರ್ತದೆ, ತೊಳೀಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ಹುದುಗಿಸಿ ‘ಅರ್ಕಾ’ ಹೆಸರಲ್ಲಿ ಸಿದ್ಧಪಡಿಸಿದ್ದಾರೆ. ಕೈಪಿಡಿಗಳಲ್ಲಿ ‘ಪುಡಿ ತಗೊಳ್ಳಿ’ ಅಂತ ಮಾತ್ರ ಇದೆ. ಮತ್ತೆ 'ನೀರು ತಗೊಳ್ಳಿ' ಅಂದ ಹಾಗೇ.

ಗೋಷ್ಠಿಯ ಅಧ್ಯಕ್ಷರು: ಕೊನೇ ಪ್ರಶ್ನೆ ನನ್ನದು. ತಾಯಿಯವರು ಈಗ ಏನಂತಾರೆ? ಸಾಲ ಏನಾಯ್ತು?

ಉತ್ತರ: ಸಾಲ ಇನ್ನೂ ನಾಲ್ಕು ಕಂತಿದೆ ಮೇಡಂ. ಪಂಪು ಮಾರಿದೆವು, ಅರ್ಧ ದುಡ್ಡು ಬಂತು. ಈಗ ಮಿಷನ್ ಭಗೀರಥದ ನಲ್ಲಿ ನೀರು ಬಳಸ್ತೀವಿ, ಅದು ನದಿಯ ನೀರು. ಮಳೆಗಾಲದಲ್ಲಿ ಮಾಳಿಗೆ ನೀರು ಹಿಡಿದಿಟ್ಟಿದ್ದೆವು. ಆರು ಬಕೆಟ್ ಇವೆ. ತಾಂಡೂರಿಗೆ ಕಳಿಸುವಷ್ಟು ಬರೋದಿಲ್ಲ, ಮನೆಗೆ ಸಾಕಾಗ್ತದೆ. ಹೊಸ ನೀರು ತಂದಾಗ ಅವ್ವ ಮೊದಲು ಒಂದು ಹಿಡಿ ಬೇಳೆ ಬೇಯಿಸಿ ನೋಡ್ತಾಳೆ, ಆಮೇಲೆ ನಾನು ಮೀಟರ್ ಅದ್ದುತ್ತೀನಿ. ಅಂಕಿಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೀತೀನಿ, ಪಕ್ಕದಲ್ಲಿ ಬೇಳೆ ಎಷ್ಟು ಹೊತ್ತಿಗೆ ಬೆಂತು ಅಂತಲೂ ಬರೀತೀನಿ. ಆಕೆ ಹೇಳ್ತಾಳೆ, ನಾನು ಬರ್ಕೋತೀನಿ. ಮೊನ್ನೆ ಪಕ್ಕದ ಮನೆಯವರು ಬಂದು ತಮ್ಮ ಮಾಳಿಗೆಗೂ ಮಾಡಬಹುದಾ ಅಂತ ಕೇಳಿದರು. ಅವ್ವ ಕೇಳಿದ ಮೊದಲ ಮಾತು, “ನಿಮ್ಮನ್ಯಾಗ ಯಾವ್ ನೀರ್ ಅದ?”